ತಂಗಿಗೆ 7ನೇ ವಾರದಲ್ಲೇ ತೊಂದರೆ, ಡಾಕ್ಟರ್ ಸರಿಯಾಗಿ ಮಾತಾಡುತ್ತಿಲ್ಲ. ಜೊತೆಗಿರುವ ನಾನು ಏನು ಮಾಡಲಿ?

ದೊಡ್ಡಕ್ಕ:
ನನ್ನ ತಂಗಿ ಬಸುರಿ. ಇದೇ ಮೊದಲು. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ 7 ವಾರ ತುಂಬಿದೆ. ಈ ವಾರ ಕಂದು ಬಣ್ಣದ ಸ್ಪಾಟಿಂಗ್ ಶುರುವಾಯಿತು. ನಿನ್ನೆ ಸ್ವಲ್ಪ ಕೆಂಪು ರಕ್ತವೂ ಬಂತು. ಹೊಟ್ಟೆನೋವು ಇದೆ, ಆದರೆ ಮುಟ್ಟಿನ ನೋವಿಗಿಂತ ಕಡಿಮೆ. ಗಾಬರಿಯಾಗಿ ಸ್ಕ್ಯಾನ್ ಮಾಡಿಸಿದೆವು. ಗರ್ಭಕೋಶದಲ್ಲಿ 10 ಮಿಲಿಮೀಟರ್ ಸ್ಯಾಕ್ (ಗರ್ಭದ ಚೀಲ) ಇದೆ, ಯೋಕ್ ಸ್ಯಾಕ್ (ಭ್ರೂಣಕ್ಕೆ ಮೊದಲು ಪೋಷಣೆ ಕೊಡುವ ಪುಟ್ಟ ಚೀಲ) ಇಲ್ಲ, ಭ್ರೂಣ ಕಾಣುತ್ತಿಲ್ಲ ಎಂದು ರಿಪೋರ್ಟ್ ಬಂದಿದೆ.

ಡಾಕ್ಟರ್ ರಿಪೋರ್ಟಿನಿಂದ ತಲೆ ಎತ್ತಲೇ ಇಲ್ಲ. "ಇದು ನಿಲ್ಲಲ್ಲ. ಮಾತ್ರೆ ಬರೀತೀನಿ, ಕ್ಲೀನ್ ಆಗುತ್ತೆ" ಎಂದರು. ತಂಗಿಗೆ ಮುಟ್ಟು ಯಾವಾಗಲೂ 38 ದಿನಕ್ಕೊಮ್ಮೆ. ಅದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿತ್ತು. "ಇನ್ನೊಂದು ಸಲ ಸ್ಕ್ಯಾನ್ ಮಾಡಿ ನೋಡಬಹುದಾ ಮೇಡಂ" ಎಂದು ನಾನು ಕೇಳಿದ್ದಕ್ಕೆ "ಇಂಟರ್ನೆಟ್ ನೋಡ್ಕೊಂಡು ಬಂದ್ರಾ?" ಎಂಬ ಉತ್ತರ ಸಿಕ್ಕಿತು.

ಮಾತ್ರೆ ತಂದಿದ್ದೇವೆ, ತೆಗೆದುಕೊಂಡಿಲ್ಲ. ಅವಳ ಗಂಡ ದೂರದಲ್ಲಿದ್ದಾನೆ, ಬರಲು ಸಮಯ ಬೇಕು. ಅಲ್ಲಿಯವರೆಗೆ ನಾನೇ ಜೊತೆ. "ಅಕ್ಕಾ, ನಾನೇನಾದ್ರೂ ಎತ್ತಬಾರದ್ದು ಎತ್ತಿದ್ನಾ?" ಎಂದು ಕೇಳುತ್ತಲೇ ಇದ್ದಾಳೆ. ಏನು ಹೇಳಬೇಕೋ ತೋಚುತ್ತಿಲ್ಲ.

ಹೂಬಳ್ಳಿ:
ಅಕ್ಕ, ಮೊದಲು ಅವಳನ್ನು ಮಲಗಿಸಿ. ಕಾಲಿನ ಕೆಳಗೆ ದಿಂಬು ಇಡಿ. ಬಚ್ಚಲಿಗೆ ಹೋಗುವುದು ಬಿಟ್ಟರೆ ಏಳಲೇಬಾರದು. ನನಗೂ ಹೀಗೇ ಆದಾಗ ಪೂರ್ತಿ ರೆಸ್ಟ್ ಹೇಳಿದ್ದರು, ಮಗು ಉಳಿಯಿತು. ಗರ್ಭ ನಿಲ್ಲುವುದಕ್ಕೆ ಇಂಜೆಕ್ಷನ್ ಬರುತ್ತೆ. ಅದನ್ನು ಕೊಡಿ ಅಂತ ಹಠ ಹಿಡಿದು ಕೇಳಿ.

ರಾತ್ರಿಪಾಳಿ:
ದೊಡ್ಡಕ್ಕ ಅವರೇ, ನಾನು ನರ್ಸ್. ಬಸುರಿನ ಮೊದಲ ತಿಂಗಳುಗಳಲ್ಲಿ ತೊಂದರೆಯಾಗಿ ಬರುವವರ ವಾರ್ಡಿನಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಡಾಕ್ಟರ್ ಅಲ್ಲ, ನಿಮ್ಮ ತಂಗಿಯನ್ನು ನೋಡಿಯೂ ಇಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಅಪಾಯದ ಮಾತು ಮೊದಲು. ಹೊಟ್ಟೆಯ ಒಂದೇ ಪಕ್ಕದಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವ ಹಾಗಾಗುವುದು, ಹಿಂಬದಿಯಲ್ಲಿ ಮಲಕ್ಕೆ ಹೋಗಬೇಕು ಅನ್ನಿಸುವಂಥ ಒತ್ತಡ. ಇವುಗಳಲ್ಲಿ ಒಂದು ಬಂದರೂ ಯಾವ ಡಾಕ್ಟರ್ ಏನು ಅಂದಿದ್ದರು ಎಂದು ಯೋಚಿಸುತ್ತಾ ಕೂರಬೇಡಿ. ಹತ್ತಿರದ ಎಮರ್ಜೆನ್ಸಿಗೆ ಹೋಗಿ. ಗರ್ಭ ಟ್ಯೂಬಿನಲ್ಲಿ ನಿಂತಿದ್ದರೆ, ಅಂದರೆ ಎಕ್ಟೋಪಿಕ್ ಆಗಿದ್ದರೆ, ಟ್ಯೂಬ್ ಒಡೆದು ಹೊಟ್ಟೆಯೊಳಗೇ ರಕ್ತ ಸೋರುತ್ತದೆ. ಆ ರಕ್ತ ಮೇಲಿನ ವಪೆಗೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಗೆ, ತಾಗಿದಾಗ ಭುಜ ನೋಯುತ್ತದೆ. ಹೊರಗೆ ಪ್ಯಾಡಿನಲ್ಲಿ ಕಾಣುವ ರಕ್ತ ಕಡಿಮೆಯೇ ಇರಬಹುದು. ಅದನ್ನು ನೋಡಿ ಮೋಸ ಹೋಗಬೇಡಿ. 100 ಬಸುರಿನಲ್ಲಿ 1ರಿಂದ 2 ಹೀಗಿರುತ್ತವೆ. ನಿಮ್ಮ ರಿಪೋರ್ಟಿನಲ್ಲಿ ಸ್ಯಾಕ್ ಗರ್ಭಕೋಶದಲ್ಲೇ ಇದೆ ಅಂದಿದ್ದಾರೆ, ಅದು ಸಮಾಧಾನದ ವಿಷಯ. ಆದರೆ ಒಳಗೆ ಯೋಕ್ ಸ್ಯಾಕ್ ಕಾಣುವವರೆಗೆ ನಾವು ಎಕ್ಟೋಪಿಕ್ ಅನ್ನು ಪೂರ್ತಿ ಮರೆಯುವುದಿಲ್ಲ. ರಕ್ತ ಜಾಸ್ತಿಯಾಗಿ ಗಂಟೆಗೆ 2 ಪ್ಯಾಡ್‌ನಂತೆ 2 ಗಂಟೆ ತುಂಬಿ ಹೋದರೂ ಆಸ್ಪತ್ರೆಗೇ ಹೋಗಬೇಕು.

ಇನ್ನು ಸ್ಕ್ಯಾನ್ ವಿಷಯ. ಇಲ್ಲಿ ನನಗೆ ಆ ಡಾಕ್ಟರ್ ಮೇಲೆ ಸಿಟ್ಟೇ ಬಂತು. ಒಂದೇ ಸ್ಕ್ಯಾನ್ ನೋಡಿ "ನಿಲ್ಲಲ್ಲ" ಅನ್ನಲು ಅಳತೆ ಇದೆ. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಸ್ಯಾಕ್ ಸರಾಸರಿ 25 ಮಿಲಿಮೀಟರ್ ಆಗಿದ್ದೂ ಭ್ರೂಣ ಇಲ್ಲದಿದ್ದರೆ, ಅಥವಾ ಭ್ರೂಣ 7 ಮಿಲಿಮೀಟರ್ ಇದ್ದೂ ಎದೆಬಡಿತ ಇಲ್ಲದಿದ್ದರೆ, ಆಗ ಹೇಳಬಹುದು. ಇದಕ್ಕಿಂತ ಚಿಕ್ಕ ಅಳತೆ ಇಟ್ಟುಕೊಂಡು ಹೇಳಿದಾಗ ತಪ್ಪಾಗುವ ಸಾಧ್ಯತೆ ಇದೆ ಎಂದೇ 2013ರಲ್ಲಿ ಈ ಅಂಕಿಗಳನ್ನು ಬಿಗಿ ಮಾಡಿದರು. ನಿಮ್ಮದು 10. ಎಲ್ಲಿ 10, ಎಲ್ಲಿ 25? ಇಂಥ ಕಡೆ ಕನಿಷ್ಠ 7 ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುತ್ತಾರೆ.

ಅದರ ಮೇಲೆ 38 ದಿನದ ಮುಟ್ಟು. 7 ವಾರ ಅನ್ನುವ ಲೆಕ್ಕ 28 ದಿನದ ಮುಟ್ಟಿನವರಿಗೆ. ಅವರಲ್ಲಿ ಅಂಡ 14ನೇ ದಿನದ ಹೊತ್ತಿಗೆ ಬಿಡುಗಡೆಯಾಗುತ್ತದೆ. ನಿಮ್ಮ ತಂಗಿಗೆ ಅದು ಸುಮಾರು 10 ದಿನ ತಡವಾಗಿರಬಹುದು. ಹಾಗಾದರೆ ಈಗ ನಡೆಯುತ್ತಿರುವುದು ಐದೂವರೆ ವಾರ. ಆ ಹೊತ್ತಿಗೆ ಯೋಕ್ ಸ್ಯಾಕ್ ಆಗಷ್ಟೇ ಕಾಣತೊಡಗುತ್ತದೆ. ಭ್ರೂಣ, ಎದೆಬಡಿತ ಎಲ್ಲ 6 ವಾರದ ಆಸುಪಾಸಿಗೆ. ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಇನ್ನೂ ಗೊತ್ತಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅದು ಗೊತ್ತಾಗುವ ಮೊದಲು ಆ ಮಾತ್ರೆ ಬೇಡ. ಜ್ವರ ಇಲ್ಲ, ಜಾಸ್ತಿ ರಕ್ತ ಇಲ್ಲ ಅಂದರೆ ಒಂದೆರಡು ವಾರ ಕಾದು ನೋಡಲು ಸಮಯ ಇದೆ. ಈ ಮಾತನ್ನು ಬೇರೆ ಡಾಕ್ಟರ ಬಾಯಿಂದಲೂ ಬೇಗ ಕೇಳಿಸಿಕೊಳ್ಳಿ.

ಹೂಬಳ್ಳಿ ಅವರೇ, ಮಲಗಿಸಿದರೆ ಗರ್ಭ ಉಳಿಯುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಸುಮ್ನೆ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಸುಸ್ತಾದರೆ ಮಲಗಲಿ, ಇಲ್ಲದಿದ್ದರೆ ಮನೆಯಲ್ಲಿ ಓಡಾಡಿಕೊಂಡಿರಲಿ.

ಹೂಬಳ್ಳಿ:
ನಮ್ಮ ಕಾಲದಲ್ಲಿ ಎಲ್ಲ ಡಾಕ್ಟರುಗಳೂ ರೆಸ್ಟ್ ಅಂತಲೇ ಹೇಳುತ್ತಿದ್ದರು ಬಿಡಿ. ಇಂಜೆಕ್ಷನ್ ಬಗ್ಗೆ ಏನೂ ಹೇಳಲಿಲ್ಲ ನೀವು.

ರಾತ್ರಿಪಾಳಿ:
ಪ್ರೊಜೆಸ್ಟರಾನ್, ಅಂದರೆ ಗರ್ಭ ನಿಲ್ಲಲು ಬೇಕಾದ ಹಾರ್ಮೋನ್, ಅದನ್ನು ಕೇಳುತ್ತಿದ್ದೀರಿ ಅಲ್ವಾ? ಬ್ರಿಟನ್ನಿನಲ್ಲಿ ರಕ್ತಸ್ರಾವ ಇದ್ದ 4,000ಕ್ಕೂ ಹೆಚ್ಚು ಬಸುರಿಯರ ಮೇಲೆ ಪ್ರಿಸಂ ಎಂಬ ದೊಡ್ಡ ಅಧ್ಯಯನ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಗರ್ಭ ಹೋಗಿದ್ದವರಲ್ಲಿ, ಅದರಲ್ಲೂ 3 ಅಥವಾ ಹೆಚ್ಚು ಬಾರಿ ಹೋಗಿದ್ದವರಲ್ಲಿ, ಉಪಯೋಗ ಕಂಡಿತು. ಅದೂ ಯೋನಿಯಲ್ಲಿ ಇಡುವ ಔಷಧಿಯಿಂದ, ಇಂಜೆಕ್ಷನ್ನಿನಿಂದ ಅಲ್ಲ. ಹಾಗಾಗಿ ಇವರ ತಂಗಿಗೆ "ಬೇಡ" ಎಂದು ಒಬ್ಬ ಡಾಕ್ಟರ್ ಹೇಳಿದರೆ ಅದನ್ನು ಅಸಡ್ಡೆ ಅನ್ನಲಾಗದು.

ಕಡ್ಡಿಮುರಿದಂತೆ:
ನಾನು ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. "ಸಪೋರ್ಟ್ ಮಾಡದ ಡಾಕ್ಟರ್" ಅನ್ನುವಾಗ ನಾವು ಎರಡು ಬೇರೆ ದೂರುಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತೇವೆ. ಒಂದು, ಮಾತು ಸರಿಯಿಲ್ಲ. ಇನ್ನೊಂದು, ಚಿಕಿತ್ಸೆಯ ಕೆಲಸ ಸರಿಯಿಲ್ಲ.

ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭವನ್ನು ಹಿಡಿದು ನಿಲ್ಲಿಸುವ ಔಷಧಿ ಹೆಚ್ಚಿನ ಸಂದರ್ಭಗಳಲ್ಲಿ ಯಾರ ಬಳಿಯೂ ಇಲ್ಲ. ಸುಮಾರು ಅರ್ಧದಷ್ಟು ಹೋಗುವುದು ಕ್ರೋಮೋಸೋಮ್ ಕೂಡಿಕೆಯಲ್ಲೇ ಆದ ತೊಡಕಿನಿಂದ. ಆದ್ದರಿಂದ "ಕಾಯಬೇಕು, ಬೇರೆ ಮಾಡುವಂಥದ್ದಿಲ್ಲ" ಎಂದು ಡಾಕ್ಟರ್ ಹೇಳಿದರೆ ಅದು ಕಲ್ಲುಹೃದಯದ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ನಿಜ. ನಗುನಗುತ್ತಾ ಮಾತಾಡಿ, ಕೈ ಹಿಡಿದು, ಬೇಡದ ಇಂಜೆಕ್ಷನ್ ವಾರವಾರ ಚುಚ್ಚುವವರೂ ಇದ್ದಾರೆ. ಜನ ಅವರನ್ನು ದೇವರು ಅನ್ನುತ್ತಾರೆ.

ದೊಡ್ಡಕ್ಕನ ಡಾಕ್ಟರ್ ವಿಷಯ ಬೇರೆ. ಅಲ್ಲಿ ಮಾತೂ ಕೆಟ್ಟದು, ಕೆಲಸವೂ ಅರ್ಧಂಬರ್ಧ. ಮುಟ್ಟು ಎಷ್ಟು ದಿನಕ್ಕೆ ಎಂದು ಕೇಳದೆ ವಾರ ಲೆಕ್ಕ ಹಾಕಿದ್ದಾರೆ. ಬದಲಾಯಿಸಿ. ಆದರೆ ಓದುತ್ತಿರುವ ಬೇರೆಯವರು ನಿಮ್ಮ ದೂರು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಮಾತು ಒರಟು, ಕೆಲಸ ಗಟ್ಟಿ ಎಂದಾದರೆ ಸಹಿಸಿಕೊಳ್ಳಬಹುದು, ಸಮಾಧಾನ ಹೇಳಲು ಮನೆಯವರಿದ್ದೀರಿ. ಕೆಲಸವೇ ಸರಿಯಿಲ್ಲ ಅಂದರೆ ಎಷ್ಟು ಸಿಹಿ ಮಾತಾಡಿದರೂ ಅಲ್ಲಿರಬೇಡಿ.

ಮಳೆಬಿಲ್ಲು:
ಕಡ್ಡಿ ಅವರ ಮಾತಿನಲ್ಲಿ ಮುಕ್ಕಾಲು ಒಪ್ಪುತ್ತೇನೆ. ಒಂದನ್ನು ಒಪ್ಪುವುದಿಲ್ಲ. ಮಾತು ಒರಟಾದರೆ ಹೆಂಗಸು ಬಾಯಿ ಮುಚ್ಚಿಕೊಳ್ಳುತ್ತಾಳೆ. ಭುಜ ನೋಯುತ್ತಿದೆ ಎಂದು ಹೇಳಲೂ ಹಿಂಜರಿಯುತ್ತಾಳೆ. "ಮತ್ತೆ ಬೈತಾರೆ" ಎಂದು ರಾತ್ರಿ ಫೋನ್ ಮಾಡುವುದಿಲ್ಲ. ಈ ತಂಗಿ 38 ದಿನದ ವಿಷಯ ಹೇಳಲಾಗದೆ ಎದ್ದು ಬಂದಳಲ್ಲ, ಅಲ್ಲಿ ಮಾತು ಕೆಟ್ಟು ಚಿಕಿತ್ಸೆಯೂ ಕೆಟ್ಟಿತು. ಎರಡನ್ನೂ ಅಷ್ಟು ಸುಲಭವಾಗಿ ಬಿಡಿಸಲಾಗುವುದಿಲ್ಲ.

ದೊಡ್ಡಕ್ಕ, ನಾನು ನನ್ನ ನಾದಿನಿಯ ಜೊತೆ ಇದೇ ದಾರಿಯಲ್ಲಿ ನಡೆದವಳು. ಒಳಗೆ ಹೋಗುವ ಮುಂಚೆ "ನಾನು ಮಾತಾಡಲಾ, ನೀನೇ ಮಾತಾಡ್ತೀಯಾ?" ಎಂದು ಅವಳನ್ನೇ ಕೇಳಿ. ಕೆಲವರಿಗೆ ಅಕ್ಕ ಮಾತಾಡಿದರೆ ಹಗುರ, ಕೆಲವರಿಗೆ ತನ್ನ ಮೈಯ ವಿಷಯ ಬೇರೆಯವರು ಹೇಳಿದರೆ ಕಿರಿಕಿರಿ. ನಾದಿನಿಗೆ ನಾನು ಸುಮ್ಮನೆ ಕೂತು ಬರೆದುಕೊಳ್ಳುವುದು ಬೇಕಿತ್ತು. ಅಂಥ ಹೊತ್ತಿನಲ್ಲಿ ಅರ್ಧ ಮಾತು ಕಿವಿಗೆ ಬೀಳುವುದೇ ಇಲ್ಲ. ಮನೆಗೆ ಬಂದ ಮೇಲೆ "ಅವರು ಹಾಗಂದ್ರಾ, ಹೀಗಂದ್ರಾ" ಎಂದು ಗೊಂದಲ. ಬರೆದದ್ದು ಇದ್ದರೆ ಆ ಗೊಂದಲ ಇರುವುದಿಲ್ಲ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿನ ಮೇಲೇ ಇಡಿ. ಬಾಯಲ್ಲಿ ಕೇಳಿದರೆ ತೇಲಿಸಿಬಿಡುತ್ತಾರೆ, ಕಾಗದ ಎದುರಿಗಿದ್ದರೆ ಉತ್ತರ ಕೊಡುತ್ತಾರೆ. ಸ್ಯಾಕ್ ಎಲ್ಲಿದೆ, ಅಳತೆ ಎಷ್ಟು, ಮುಂದಿನ ಸ್ಕ್ಯಾನ್ ಯಾವ ದಿನ, ಅದರಲ್ಲಿ ಏನು ಕಂಡರೆ ಏನು ಅರ್ಥ, ಅಲ್ಲಿಯವರೆಗೆ ಯಾವ ತೊಂದರೆ ಬಂದರೆ ಓಡಿ ಬರಬೇಕು, ರಾತ್ರಿಯಾದರೆ ಯಾರಿಗೆ ಫೋನ್ ಮಾಡಬೇಕು. ಇಷ್ಟು ಸಾಕು. ಇನ್ನೊಂದು ಸ್ಕ್ಯಾನ್ ಬೇಡವೇ ಬೇಡ ಎಂದು ಹಠ ಹಿಡಿದರೆ, ಜಗಳ ಮಾಡಬೇಡಿ. "ಎರಡನೇ ಸ್ಕ್ಯಾನ್ ಬೇಡ ಅಂದಿರೋದನ್ನ ಕಾರಣದ ಜೊತೆ ಚೀಟಿಯಲ್ಲಿ ಬರೆದುಕೊಡಿ ಮೇಡಂ" ಎಂದು ಮೆತ್ತಗೆ ಕೇಳಿ. ಎಷ್ಟೋ ಸಲ ಅಲ್ಲೇ ಮನಸ್ಸು ಬದಲಾಗುತ್ತದೆ.

ಸ್ಕ್ಯಾನ್ ರಿಪೋರ್ಟ್, ರಕ್ತದ ರಿಪೋರ್ಟ್, ಬರೆದುಕೊಟ್ಟ ಚೀಟಿ ಎಲ್ಲವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬೇರೆ ಡಾಕ್ಟರ ಹತ್ತಿರ ಹೋದಾಗ ಮೊದಲಿನಿಂದ ಕಥೆ ಹೇಳುವುದು ತಪ್ಪುತ್ತದೆ.

ನಕ್ಷತ್ರಮೀನು:
ಏನೂ ಆಗಲ್ಲ ಅಕ್ಕ, ಪಾಸಿಟಿವ್ ಆಗಿ ಯೋಚಿಸಿ!! ನನಗೂ ರಕ್ತ ಬಂದಿತ್ತು, ಈಗ ಮಗ ಶಾಲೆಗೆ ಹೋಗ್ತಿದ್ದಾನೆ. ನಂಬಿಕೆ ಇದ್ದರೆ ಎಲ್ಲ ಸರಿಹೋಗುತ್ತೆ.

ಮಳೆಬಿಲ್ಲು:
ನಿಮ್ಮ ಮಗ ಚೆನ್ನಾಗಿರಲಿ. ಆದರೆ ಈ ಮಾತನ್ನು ಆ ತಂಗಿಗೆ ದಯವಿಟ್ಟು ಓದಿಸಬೇಡಿ ದೊಡ್ಡಕ್ಕ. ನಂಬಿಕೆ ಇದ್ದರೆ ಉಳಿಯುತ್ತೆ ಅಂದರೆ, ಉಳಿಯದಿದ್ದಾಗ ನಂಬಿಕೆ ಕಡಿಮೆಯಾಯಿತು ಎಂದಾಗುತ್ತದೆ. ಆ ಭಾರವನ್ನೂ ಅವಳೇ ಹೊರಬೇಕಾ?

ಮೊದಲ ತಿಂಗಳುಗಳಲ್ಲಿ ಸುಮಾರು 4ರಲ್ಲಿ ಒಬ್ಬರಿಗೆ ರಕ್ತ ಕಾಣಿಸುತ್ತದೆ, ಅವರಲ್ಲಿ ಎಷ್ಟೋ ಜನರ ಬಸುರು ಮುಂದುವರಿಯುತ್ತದೆ. ಬಸುರು ಎಂದು ಗೊತ್ತಾದ ಮೇಲೆ 100ರಲ್ಲಿ 10ರಿಂದ 20 ಹೋಗುತ್ತವೆ. ಈ ಎರಡನ್ನೂ ಹೇಳಿ. "ಗೊತ್ತಿಲ್ಲ, ಎರಡೂ ಆಗಬಹುದು, ಏನಾದರೂ ನಾನಿರ್ತೀನಿ" ಎಂದರೆ ಸಾಕು. ಎತ್ತಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ಗಂಡನ ಜೊತೆ ಮಲಗಿದ್ದರಿಂದ, ಕೆಲಸಕ್ಕೆ ಹೋಗಿದ್ದರಿಂದ, ಒಂದು ದಿನ ಜೋರಾಗಿ ಅತ್ತಿದ್ದರಿಂದ ಗರ್ಭ ಹೋಗುವುದಿಲ್ಲ. ಒಳಗಿನಿಂದ ಮಾಡುವ ಸ್ಕ್ಯಾನಿನಿಂದಲೂ ಹೋಗುವುದಿಲ್ಲ. ಅವಳು ಹತ್ತು ಸಲ ಕೇಳಿದರೆ ಹತ್ತು ಸಲವೂ ಇದನ್ನೇ ಹೇಳಿ. "ಆಗಲೇ ಹೇಳಿದ್ನಲ್ಲ" ಎನ್ನಬೇಡಿ.

ದೊಡ್ಡಕ್ಕ:
ಎಲ್ಲರಿಗೂ ಕೈ ಮುಗಿಯುತ್ತೇನೆ. ಮಾತ್ರೆಯನ್ನು ಎತ್ತಿಟ್ಟಿದ್ದೇವೆ. ಬೇರೆ ಆಸ್ಪತ್ರೆಯಲ್ಲಿ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಎರಡು ಪ್ರಶ್ನೆ. ಅವಳ ರಕ್ತದ ಗುಂಪು ಓ ನೆಗೆಟಿವ್, ಅದಕ್ಕೇನಾದರೂ ಮಾಡಬೇಕಾ? ಎಚ್‌ಸಿಜಿ, ಅಂದರೆ ಬಸುರಿನ ಹಾರ್ಮೋನ್ ಅಳೆಯುವ ರಕ್ತಪರೀಕ್ಷೆ, ಮಾಡಿಸಿದರೆ ಈಗಲೇ ಗೊತ್ತಾಗುತ್ತದೆ ಎಂದು ಲ್ಯಾಬಿನವರು ಹೇಳುತ್ತಿದ್ದಾರೆ, ಹೌದಾ?

ರಾತ್ರಿಪಾಳಿ:
ನೆಗೆಟಿವ್ ಎಂದು ಹೊಸ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದು ರಕ್ತ ಬೆರೆತರೆ ಮುಂದಿನ ಬಸುರಿಗೆ ತೊಂದರೆ ಆಗಬಹುದು. ಅದನ್ನು ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ, ಕೊಡುವುದಾದರೆ 72 ಗಂಟೆಯೊಳಗೆ. 12 ವಾರದ ಒಳಗೆ ಅದು ಬೇಕೇ ಎಂಬುದರಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಇತ್ತೀಚಿನ ಕೆಲವು ಮಾರ್ಗಸೂಚಿಗಳು ಅಷ್ಟು ಬೇಗ ಬೇಡ ಅನ್ನುತ್ತವೆ. ಹಾಗಾಗಿ ಕೊಡಲಿಲ್ಲ ಎಂದು ಜಗಳ ಬೇಡ, ಆದರೆ ಯಾಕೆ ಕೊಡಲಿಲ್ಲ ಎಂದು ಕೇಳಿ ಬರೆಸಿಕೊಳ್ಳಿ.

ಎಚ್‌ಸಿಜಿ ಒಂದೇ ಸಲ ಮಾಡಿಸಿದರೆ ಏನೂ ತಿಳಿಯುವುದಿಲ್ಲ. ಒಂದೇ ವಾರದಲ್ಲಿರುವ ಇಬ್ಬರು ಆರೋಗ್ಯವಂತ ಬಸುರಿಯರ ಅಂಕಿಗಳಲ್ಲೂ ಅಜಗಜಾಂತರ ಇರುತ್ತದೆ. 48 ಗಂಟೆ ಬಿಟ್ಟು ಎರಡು ಸಲ ಮಾಡಿದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಎರಡು ದಿನಕ್ಕೆ ದುಪ್ಪಟ್ಟಾಗಲೇಬೇಕು ಎನ್ನುತ್ತಾರಲ್ಲ, ಅದೂ ಪೂರ್ತಿ ನಿಜವಲ್ಲ. ಮೊದಲ ಅಂಕಿ 1,500ಕ್ಕಿಂತ ಕಡಿಮೆ ಇದ್ದಾಗ 48 ಗಂಟೆಯಲ್ಲಿ ಶೇ. 49ರಷ್ಟು ಏರಿದರೂ ಸರಿಯಾದ ಬಸುರಾಗಿರಬಹುದು. ಅಂಕಿ ದೊಡ್ಡದಾದಂತೆ ಏರುವ ವೇಗ ಇನ್ನೂ ಕಡಿಮೆಯಾಗುತ್ತದೆ. ಸ್ಯಾಕ್ ಕಂಡ ಮೇಲೆ ಉತ್ತರ ಕೊಡುವುದು ಸ್ಕ್ಯಾನ್. ಲ್ಯಾಬಿನವರ ಮಾತು ಕೇಳಿ ದಿನಾ ಚುಚ್ಚಿಸಬೇಡಿ.

ನಿಧಾನಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಂಡತಿಗೆ 9ನೇ ವಾರ. ರಕ್ತ ಏನೂ ಇಲ್ಲ. ಆದರೆ ವಾಂತಿ. ನೀರು ಕುಡಿದರೂ ನಿಲ್ಲುತ್ತಿಲ್ಲ. ತೂಕ 58ರಿಂದ 54 ಕಿಲೋಗೆ ಇಳಿದಿದೆ. ಡಾಕ್ಟರ್ "ಎಲ್ಲ ಬಸುರಿಯರಿಗೂ ವಾಂತಿ ಆಗುತ್ತೆ, ನಿಮ್ಮವರು ಸ್ವಲ್ಪ ನಾಜೂಕು" ಎಂದು ನಗುತ್ತಾರೆ.

ರಾತ್ರಿಪಾಳಿ:
ನಿಧಾನಿ ಅವರೇ, ಹೆಸರಿಗೆ ತಕ್ಕ ಹಾಗೆ ನಿಧಾನ ಮಾಡಬೇಡಿ. ಬಸುರಿಗೆ ಮುಂಚಿನ ತೂಕದಲ್ಲಿ ಶೇ. 5ಕ್ಕಿಂತ ಜಾಸ್ತಿ ಇಳಿದರೆ ಅದು ಸಾಮಾನ್ಯ ವಾಂತಿಯಲ್ಲ. ನಿಮ್ಮ ಲೆಕ್ಕದಲ್ಲಿ ಅದು ಸುಮಾರು ಶೇ. 7. ಇದಕ್ಕೆ ಹೈಪರ್‌ಎಮೆಸಿಸ್ ಎನ್ನುತ್ತಾರೆ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೂತ್ರದಲ್ಲಿ ಕೀಟೋನ್ (ಊಟ ಸಾಲದೆ ಮೈಯ ಕೊಬ್ಬು ಕರಗಿದಾಗ ಬರುವ ವಸ್ತು), ರಕ್ತದಲ್ಲಿ ಸೋಡಿಯಂ ಪೊಟ್ಯಾಸಿಯಂ ನೋಡುತ್ತಾರೆ, ಡ್ರಿಪ್ಸ್ ಹಾಕುತ್ತಾರೆ. ಒಂದು ಮಾತು ನೆನಪಿಡಿ: ಇಷ್ಟು ದಿನ ಏನೂ ಹೊಟ್ಟೆಯಲ್ಲಿ ನಿಲ್ಲದವರಿಗೆ ಗ್ಲೂಕೋಸ್ ಡ್ರಿಪ್ಸ್ ಹಾಕುವ ಮುಂಚೆ ಥಯಾಮಿನ್, ಅಂದರೆ ವಿಟಮಿನ್ ಬಿ1, ಕೊಡಬೇಕು. ಇಲ್ಲದಿದ್ದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯ ಇದೆ. "ಥಯಾಮಿನ್ ಕೊಟ್ಟಿದ್ದೀರಾ" ಎಂದು ಕೇಳಿ, ನಾಚಿಕೆ ಬೇಡ.

ವಾಂತಿಗೆ ಬಸುರಿನಲ್ಲಿ ಬಳಸುವ ಔಷಧಿಗಳು ಇವೆ. ಡಾಕ್ಸಿಲಮೈನ್ ಜೊತೆ ಪಿರಿಡಾಕ್ಸಿನ್ ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ಅದು ಸಾಲದಿದ್ದರೆ ಬೇರೆಯವೂ ಇವೆ. ಯಾವುದು ಎಷ್ಟು ಎಂದು ಅವರೇ ನೋಡಿ ಕೊಡಲಿ.

ಕಡ್ಡಿಮುರಿದಂತೆ:
"ನಾಜೂಕು" ಅಂದರಾ? 2023ರ ಕೊನೆಯಲ್ಲಿ ನೇಚರ್ ಪತ್ರಿಕೆಯಲ್ಲಿ ಇದರ ಮೂಲ ಪ್ರಕಟವಾಗಿದೆ. ಜಿಡಿಎಫ್15 ಎಂಬ ಹಾರ್ಮೋನ್ ಭ್ರೂಣದ ಕಡೆಯಿಂದ ತಾಯಿಯ ರಕ್ತಕ್ಕೆ ಸೇರುತ್ತದೆ. ಬಸುರಿಗೆ ಮುಂಚೆ ಅದು ಕಡಿಮೆ ಇದ್ದ ಹೆಂಗಸರ ಮೈ ಅದಕ್ಕೆ ಒಗ್ಗಿರುವುದಿಲ್ಲ, ಅವರಿಗೆ ವಾಂತಿ ಭಯಂಕರವಾಗುತ್ತದೆ. ಇದರ ಮೇಲೆ ಕೆಲಸ ಮಾಡಿದ ಮಾರ್ಲೆನಾ ಫೆಜೊ ಅವರಿಗೆ ಸ್ವತಃ ಹೈಪರ್‌ಎಮೆಸಿಸ್ ಆಗಿತ್ತು, ಅವರ ಡಾಕ್ಟರೂ ಆಗ ನಂಬಿರಲಿಲ್ಲ. ಇಲ್ಲಿ ಕೆಟ್ಟಿರುವುದು ಮಾತಷ್ಟೇ ಅಲ್ಲ, ಕೆಲಸವೂ. ನಾನು ಮೇಲೆ ಹೇಳಿದ ಎರಡನೇ ಬಗೆಯ ದೂರು.

ನಿಧಾನಿ:
ಅಡ್ಮಿಟ್ ಮಾಡಿಕೊಂಡರು. ಕೀಟೋನ್ ಜಾಸ್ತಿ ಇತ್ತಂತೆ. ಥಯಾಮಿನ್ ಕೇಳಿದೆ, ಅದನ್ನೇ ಮೊದಲು ಕೊಡುತ್ತಿದ್ದೇವೆ ಅಂದರು. ಅವಳು ಮಲಗಿದ್ದಾಳೆ.

ಅಪ್ಪನಾಗಬೇಕಿದ್ದವ:
ದೊಡ್ಡಕ್ಕ, ಅವಳ ಗಂಡನಿಗೆ ನನ್ನದೊಂದು ಮಾತು ತಲುಪಿಸಿ. ದೂರದಲ್ಲಿರುವ ಗಂಡ ಫೋನಿನಲ್ಲಿ ಮಾಡುವುದು ಎರಡೇ. "ಡಾಕ್ಟರ್ ಏನಂದ್ರು" ಎಂದು ಕೇಳುವುದು, "ಟೆನ್ಷನ್ ಮಾಡ್ಕೋಬೇಡ" ಎನ್ನುವುದು. ಬೇರೆ ಕೆಲಸಗಳೂ ಇವೆ. ಅವಳ ಆಫೀಸಿಗೆ ರಜೆ ಹೇಳುವುದು. ಎರಡೂ ಮನೆಯವರಿಗೆ ಸುದ್ದಿ ಮುಟ್ಟಿಸಿ, ಯಾರೂ ಅವಳಿಗೆ ನೇರ ಫೋನ್ ಮಾಡದ ಹಾಗೆ ನೋಡಿಕೊಳ್ಳುವುದು. ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಇದೆ ಎಂದು ಹುಡುಕಿಡುವುದು. ಅಪಾಯಿಂಟ್‌ಮೆಂಟಿಗೆ ವಿಡಿಯೋ ಕರೆಯಲ್ಲಿ ಸೇರಿಕೊಳ್ಳುವುದು. ಡಾಕ್ಟರ್ ಬೇಡ ಅಂದರೆ ಬೇಡ, ಕೇಳುವುದಕ್ಕೇನು.

ನನ್ನ ಹೆಂಡತಿಗೆ ಹೋದಾಗ ಬಂದವರೆಲ್ಲ "ಅವಳನ್ನ ಚೆನ್ನಾಗಿ ನೋಡ್ಕೋ" ಅಂದರು. ನಿನಗೆ ಹೇಗಿದೆ ಎಂದು ಕೇಳಿದವಳು ಅವಳೊಬ್ಬಳೇ. ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ.

ದೊಡ್ಡಕ್ಕ:
ಹೊಸ ಆಸ್ಪತ್ರೆಯ ವಿಷಯ. ಈ ಡಾಕ್ಟರ್ ಮೊದಲು ಕೇಳಿದ್ದೇ "ಮುಟ್ಟು ಎಷ್ಟು ದಿನಕ್ಕೆ ಆಗುತ್ತೆ?" ಎಂದು. ತಂಗಿ ನನ್ನ ಕಡೆ ತಿರುಗಿ ನೋಡಿದಳು. ಹಳೆಯ ರಿಪೋರ್ಟ್ ಓದಿ, ಸ್ಯಾಕ್‌ನಲ್ಲಿ ಯೋಕ್ ಸ್ಯಾಕ್ ಇಲ್ಲದಿದ್ದರೆ 2 ವಾರದ ನಂತರದ ಸ್ಕ್ಯಾನಿನಲ್ಲಿ ಎದೆಬಡಿತ ಇರುವ ಭ್ರೂಣ ಕಾಣಲೇಬೇಕು, ಅಲ್ಲಿಯವರೆಗೆ ಏನೂ ಹೇಳುವುದಿಲ್ಲ ಎಂದರು. ಯಾವಾಗ ಓಡಿ ಬರಬೇಕು ಎನ್ನುವುದನ್ನು ಬರೆದುಕೊಟ್ಟರು. ಜಾಸ್ತಿ ನಗುವವರಲ್ಲ, ಸಮಾಧಾನದ ಮಾತೂ ಹೆಚ್ಚು ಆಡಲಿಲ್ಲ. ಆದರೂ ಹೊರಗೆ ಬಂದಾಗ ತಂಗಿಯ ಉಸಿರು ಸ್ವಲ್ಪ ಸಡಿಲವಾಗಿತ್ತು.

ನಿನ್ನೆ ಆ ಸ್ಕ್ಯಾನ್ ಆಯಿತು. ಸ್ಯಾಕ್ 14 ಮಿಲಿಮೀಟರ್. ಒಳಗೆ ಏನೂ ಇಲ್ಲ. ಇನ್ನೊಬ್ಬರು ಬಂದು ಮತ್ತೆ ನೋಡಿ ಅದನ್ನೇ ಹೇಳಿದರು. ಗಂಡ ಬಂದಿದ್ದಾನೆ.

ಮೊದಲ ಡಾಕ್ಟರ್ ಹೇಳಿದ್ದೇ ಆಯಿತಲ್ಲ, ಸುಮ್ನೆ ಕಾದು ಅವಳನ್ನು ಇನ್ನಷ್ಟು ಗೋಳಾಡಿಸಿದೆವು ಎಂದು ನಮ್ಮ ನೆಂಟರೊಬ್ಬರು ಅಂದುಬಿಟ್ಟರು. ಅದಕ್ಕೆ ಏನು ಉತ್ತರ ಕೊಡಲಿ?

ಕಡ್ಡಿಮುರಿದಂತೆ:
ದೊಡ್ಡಕ್ಕ, ಬಹಳ ನೋವಾಯಿತು.

ಆ ನೆಂಟರಿಗೆ ಹೇಳಿ: ಮೊದಲ ಡಾಕ್ಟರಿಗೆ ಆ ದಿನ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಳಿದ್ದು ಆಮೇಲೆ ನಿಜವಾದರೂ ಅದು ಊಹೆಯೇ. ನಿಮ್ಮ ತಂಗಿ ಆ ಮಾತ್ರೆ ತೆಗೆದುಕೊಂಡಿದ್ದರೆ, "ಕಾದಿದ್ದರೆ ಉಳಿಯುತ್ತಿತ್ತೇನೋ" ಎಂಬ ಪ್ರಶ್ನೆ ಅವಳನ್ನು ಬಿಡುತ್ತಿರಲಿಲ್ಲ. ಈಗ ಆ ಪ್ರಶ್ನೆ ಇಲ್ಲ. ಕಾದಿದ್ದರ ಬೆಲೆ ಅದು.

ರಾತ್ರಿಪಾಳಿ:
ನನಗೂ ಬೇಸರವಾಯಿತು. ತಂಗಿಗೆ ನನ್ನ ಪರವಾಗಿ ತಲೆ ಸವರಿ.

ಮುಂದಿನದ್ದಕ್ಕೆ ಸಾಮಾನ್ಯವಾಗಿ ಮೂರು ದಾರಿ. ತಾನಾಗಿ ಹೋಗಲೆಂದು ಒಂದೆರಡು ವಾರ ಕಾಯುವುದು, ಮಾತ್ರೆ, ಇಲ್ಲವೇ ಸಣ್ಣ ಆಪರೇಷನ್. ಕಾಯುವುದಾದರೆ ಔಷಧಿ ಬೇಡ, ಆದರೆ ಯಾವಾಗ ಶುರುವಾಗುತ್ತದೆ ಎಂದು ಗೊತ್ತಿರುವುದಿಲ್ಲ. ಕೆಲವರಿಗೆ ಆ ಕಾಯುವಿಕೆಯೇ ಹಿಂಸೆ. ಮಾತ್ರೆಯಾದರೆ ಮನೆಯಲ್ಲೇ ಆಗುತ್ತದೆ. ಮಿಫೆಪ್ರಿಸ್ಟೋನ್ ಮೊದಲು ಕೊಟ್ಟು ಆಮೇಲೆ ಮಿಸೊಪ್ರೊಸ್ಟಾಲ್ ಕೊಟ್ಟರೆ, ಮಿಸೊಪ್ರೊಸ್ಟಾಲ್ ಒಂದನ್ನೇ ಕೊಡುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 2020ರ ಒಂದು ದೊಡ್ಡ ಪ್ರಯೋಗ ತೋರಿಸಿತು. ಆಪರೇಷನ್ ಆದರೆ ಬೇಗ ಮುಗಿಯುತ್ತದೆ. ಆದರೆ ಕೆರೆದು ತೆಗೆಯುವ ಹಳೆಯ ಡಿ ಅಂಡ್ ಸಿ ಬದಲು ಹೀರಿ ತೆಗೆಯುವ ವಿಧಾನ ಇದೆಯಾ ಎಂದು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ.

ಯಾವುದನ್ನು ಆರಿಸಬೇಕು ಎಂದು ನಾನೂ ಹೇಳುವುದಿಲ್ಲ, ನೀವೂ ಹೇಳಬೇಡಿ. ಅವಳು ಆರಿಸಲಿ, ಆರಿಸಿದ ಮೇಲೆ ಮನಸ್ಸು ಬದಲಾಯಿಸಿದರೂ ಸರಿ.

ಮಾತ್ರೆ ಆದರೆ ನೋವು ಮುಟ್ಟಿಗಿಂತ ಬಹಳ ಜಾಸ್ತಿ ಇರುತ್ತದೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ, ಹೆಂಗಸರು ಹೆದರಿಬಿಡುತ್ತಾರೆ. ನೋವಿನ ಮಾತ್ರೆ ಮೊದಲೇ ಬರೆಸಿಕೊಳ್ಳಿ. ದೊಡ್ಡ ಪ್ಯಾಡ್, ಬಿಸಿನೀರಿನ ಚೀಲ, ಹಳೆಯ ಚಾದರ ಸಿದ್ಧವಿರಲಿ. ಆ ರಾತ್ರಿ ಒಬ್ಬರು ಎಚ್ಚರ ಇರಬೇಕು. ಗಡ್ಡೆಗಳು ಹೋಗುತ್ತವೆ. ಬಚ್ಚಲಿನಲ್ಲಿ ಏನು ಕಂಡರೂ ಅದನ್ನು ನೋಡಬೇಕೋ ಬೇಡವೋ ಎನ್ನುವುದು ಅವಳಿಷ್ಟ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕೆಟ್ಟ ವಾಸನೆ ಬಂದರೆ, ಮೇಲೆ ಹೇಳಿದ 2 ಪ್ಯಾಡಿನ ಲೆಕ್ಕ ದಾಟಿದರೆ ಹೊರಡಿ.

ದೊಡ್ಡಕ್ಕ:
ಮಾತ್ರೆ ಆರಿಸಿಕೊಂಡಳು. ಆಯಿತು. ನೀವು ನೋವಿನ ಬಗ್ಗೆ ಹೇಳಿರದಿದ್ದರೆ ನಾವು ಅರ್ಧರಾತ್ರಿ ಗಾಬರಿಯಾಗುತ್ತಿದ್ದೆವು. ಈಗ ರಕ್ತ ಕಡಿಮೆಯಾಗಿದೆ. ಅವಳು ಮಾತು ಕಡಿಮೆ ಮಾಡಿದ್ದಾಳೆ. ಒಂದು ದಿನ ಚೆನ್ನಾಗಿ ನಗುತ್ತಾಳೆ, ಮರುದಿನ ಎದ್ದೇಳುವುದಿಲ್ಲ. ಮನೆಯವರು "ಇನ್ನೊಂದು ಆಗುತ್ತೆ ಬಿಡು, ಇನ್ನೂ ಚಿಕ್ಕದಿತ್ತು" ಅನ್ನುತ್ತಿದ್ದಾರೆ.

ಮಳೆಬಿಲ್ಲು:
ಲಂಡನ್ನಿನ ಆಸ್ಪತ್ರೆಗಳಲ್ಲಿ ಹೀಗೆ ಬಸುರು ಕಳೆದುಕೊಂಡ ಹೆಂಗಸರನ್ನು ಅನುಸರಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ಒಂದು ತಿಂಗಳ ನಂತರ ಶೇ. 29 ಜನರಲ್ಲಿ ಆಘಾತದ ಒತ್ತಡದ ಲಕ್ಷಣ ಇದ್ದವು, 9 ತಿಂಗಳ ನಂತರವೂ ಶೇ. 18 ಜನರಲ್ಲಿ. ಅಪಘಾತ ಕಂಡವರಿಗೆ ಬರುವ ಅದೇ ಲಕ್ಷಣಗಳು. ಕೆಟ್ಟ ಕನಸು, ಆಸ್ಪತ್ರೆ ಹೆಸರೆತ್ತಿದರೆ ನಡುಕ, ಅದೇ ದೃಶ್ಯ ಮತ್ತೆ ಮತ್ತೆ ಕಣ್ಣ ಮುಂದೆ. "ಚಿಕ್ಕದಿತ್ತು" ಅನ್ನುವವರಿಗೆ ಈ ಅಂಕಿ ತೋರಿಸಿ. ಅವರು ಓದುವವರಲ್ಲ ಅಂದರೆ ಬಾಗಿಲಲ್ಲೇ ತಡೆಯಿರಿ. ಅದೂ ಅಕ್ಕನ ಕೆಲಸವೇ.

ವಾರಗಳು ಕಳೆದರೂ ನಿದ್ದೆ ಬರುತ್ತಿಲ್ಲ, ಬದುಕೇ ಬೇಡ ಅನ್ನುತ್ತಾಳೆ ಎಂದರೆ ಮನಸ್ಸಿನ ಡಾಕ್ಟರನ್ನು ಕಾಣಬೇಕು. ಬದುಕು ಬೇಡ ಎಂಬ ಮಾತು ಬಂದರೆ ವಾರ ಕಾಯುವುದೂ ಬೇಡ, ಅದೇ ದಿನ. ಹಾಗಿಲ್ಲದಿದ್ದರೆ ಒಂದು ದಿನ ನಗು, ಮರುದಿನ ಅಳು ಇರುತ್ತದೆ, ಇರಲಿ ಬಿಡಿ. ಎಲ್ಲರೂ ಮರೆತ ಮೇಲೆ, ಹೆರಿಗೆಗೆ ಕೊಟ್ಟಿದ್ದ ದಿನಾಂಕ ಬಂದಾಗ, ಒಂದು ಫೋನ್ ಮಾಡಿ. ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಅಪ್ಪನಾಗಬೇಕಿದ್ದವ:
ಅವಳ ಗಂಡನಿಗೂ.

ದೊಡ್ಡಕ್ಕ:
ಇಬ್ಬರಿಗೂ ಮಾಡುತ್ತೇನೆ. ಮೊದಲ ಆಸ್ಪತ್ರೆಗೆ ದೂರು ಬರೆಯಬೇಕು ಅನ್ನುತ್ತಿದ್ದಾಳೆ. ಬರೆದು ಏನಾದರೂ ಪ್ರಯೋಜನ ಇದೆಯಾ?

ಕಡ್ಡಿಮುರಿದಂತೆ:
ಅವಳಿಗೆ ಬೇಕೆನಿಸಿದರೆ ಬರೆಯಲಿ, ಈಗಲೇ ಆಗಬೇಕೆಂದಿಲ್ಲ. ಸಿಟ್ಟಿನ ಮಾತು ಬೇಡ. ಯಾವ ದಿನ, ಸ್ಕ್ಯಾನಿನಲ್ಲಿ ಅಳತೆ ಎಷ್ಟು, ಮುಟ್ಟಿನ ವಿವರ ಕೇಳಿರಲಿಲ್ಲ, ಎರಡನೇ ಸ್ಕ್ಯಾನ್ ನಿರಾಕರಿಸಿದರು, ಆ ಹಂತದಲ್ಲೇ ಈ ಮಾತ್ರೆ ಬರೆದರು. ಇಷ್ಟನ್ನೇ ಒಂದು ಪುಟದಲ್ಲಿ. ರಿಪೋರ್ಟ್ ಮತ್ತು ಚೀಟಿಯ ಪ್ರತಿ ಜೊತೆಗಿರಲಿ. "ಒರಟಾಗಿ ಮಾತಾಡಿದರು" ಎಂದಷ್ಟೇ ಬರೆದರೆ ಕ್ಷಮಿಸಿ ಎಂದು ಒಂದು ಸಾಲು ಬರುತ್ತದೆ. 10 ಮಿಲಿಮೀಟರ್ ಎಂದು ಬರೆದರೆ ಅವರು ಉತ್ತರ ಹುಡುಕಬೇಕಾಗುತ್ತದೆ.

ರಾತ್ರಿಪಾಳಿ:
ಎತ್ತಿಟ್ಟ ಹಳೆಯ ಮಾತ್ರೆ ಇನ್ನೂ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಔಷಧಿ ಅಂಗಡಿಗೆ ವಾಪಸ್ ಕೊಡಿ. ಮತ್ತೊಂದು, ಇದನ್ನು ತುಂಬಾ ಜನ ಮರೆಯುತ್ತಾರೆ. ಮಾತ್ರೆ ತೆಗೆದುಕೊಂಡು 3 ವಾರವಾದ ಮೇಲೆ ಮನೆಯಲ್ಲೇ ಬಸುರಿನ ಟೆಸ್ಟ್ ಮಾಡಲಿ. ಆಗಲೂ ಪಾಸಿಟಿವ್ ಬಂದರೆ ಒಳಗೆ ಏನಾದರೂ ಉಳಿದಿದೆಯಾ ಎಂದು ಡಾಕ್ಟರ್ ನೋಡಬೇಕು. ಆ ಕಡ್ಡಿಯಲ್ಲಿ ಒಂದೇ ಗೆರೆ ಕಂಡಾಗ ಅವಳಿಗೆ ಮತ್ತೆ ಅಳು ಬರಬಹುದು. ಟೆಸ್ಟ್ ಮಾಡುವ ದಿನ ನೀವೋ ಅವಳ ಗಂಡನೋ ಮನೆಯಲ್ಲಿರಿ.